ಬೂದಿಯ ಬಾಲ

ಮದ್ದೂರು
೧೮-೧-೨೦೨೫, ಶನಿವಾರ

ಪ್ರೀತಿಯ ಅವ್ವ,

ನಿನ್ನ ಮಂಡಿನೋವು ಹೇಗಿದೆ? ಮಳವಳ್ಳಿಯಲ್ಲಿ ಈಗ ಬೆಳಗಿನ ಚಳಿ ಜೋರಿರುತ್ತದೆ, ತಣ್ಣೀರಿನಲ್ಲಿ ಪಾತ್ರೆ ತೊಳೆಯಬೇಡ. ಚಿಕ್ಕಮಾದು ಮಾವ, ಅತ್ತೆ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಇಲ್ಲಿ ಈ ಸಲ ಸಂಕ್ರಾಂತಿ ಮಾಡಲಿಲ್ಲ. ಅಜ್ಜಿ ಹೋದ ವರ್ಷ, ಬೇಡ ಎಂದು ಅಪ್ಪನೇ ಹೇಳಿದ. ಫೋನಿನಲ್ಲಿ ಅಪ್ಪನ ಮಾತು ಬಂದ ಕೂಡಲೇ ನೀನು ‘ಸರಿ ಕಣವ್ವ, ಮಡುಗ್ತೀನಿ’ ಅನ್ನುತ್ತೀಯ. ನನಗೂ ಆಡುವುದಕ್ಕಿಂತ ಬರೆಯುವುದೇ ಸಲೀಸು. ಅದಕ್ಕೇ ಈ ಕಾಗದ.

ಸುದ್ದಿಯೆಲ್ಲ ನಿನ್ನ ಬೆಕ್ಕಿನದೇ. ಅಜ್ಜಿಯ ಮಣ್ಣಿಗೆ ಹೋದ ನೀನು ತಿರುಗಿ ಬರಲಿಲ್ಲವಲ್ಲ, ಆಗ ಬೂದಿ ನಮ್ಮ ಹೋಟೆಲಿನ ಹಿಂಬಾಗಿಲಲ್ಲಿ ಬಾಲವನ್ನು ಮೈಗೆ ಸುತ್ತಿಕೊಂಡು ಕೂತೇ ಇರುತ್ತಿತ್ತು. ಅದಕ್ಕೆ ಹಾಲು ಹಾಕುವ ಕೆಲಸ ಅಪ್ಪನ ಪಾಲಿಗೆ ಬಂತು. ಅಪ್ಪನಿಗೆ ಗೊತ್ತಿದ್ದದ್ದು ನಾಯಿ ಮಾತ್ರ. ಬಾಲ ರಪರಪನೆ ನೆಲಕ್ಕೆ ಬಡಿಯುತ್ತಿದ್ದುದನ್ನು ಕಂಡು ‘ನೋಡು, ಎಷ್ಟು ಖುಸಿಯಾಗದೆ’ ಎಂದು ತಲೆ ಸವರಲು ಹೋಗಿ ಕೈ ಪರಚಿಸಿಕೊಂಡ. ಹಿಟ್ಟು ರುಬ್ಬುತ್ತಿದ್ದ ಕೆಲಸದ ಮುದ್ದಮ್ಮ ಬಿಟ್ಟಾಳೆಯೇ? ‘ನಾಯಲ್ಲ ಕಣಣ್ಣೋ ಅದು! ಬಾಲ ಬಡುದ್ರೆ ದೂರ ಓಗು ಅಂತ. ಅಕ್ಕ ಇದ್ನೇ ಅಷ್ಟು ಬಡ್ಕೊಂಡಿದ್ದು ಕಿವಿಗೇ ಬೀಳ್ನಿಲ್ವಾ?’ ಎಂದು ಗಿರಾಕಿಗಳ ಮುಂದೆಯೇ ಅಂದಳು.

ಅಂದಿನಿಂದ ಅಪ್ಪ ಅದನ್ನು ನೋಡಲು ಶುರುಮಾಡಿದ. ಬೈಪಾಸ್ ಆದಮೇಲೆ ಹಳೇ ರಸ್ತೆಯಲ್ಲಿ ಬಿಡುವೇ ಹೆಚ್ಚು. ಗಲ್ಲಾದಲ್ಲಿ ಕೂತು ಬಾಲವನ್ನೇ ನೋಡುವನು. ನೆಟ್ಟಗೆ ನಿಂತು ತುದಿ ಮಾತ್ರ ಬಾಗಿದರೆ ಹತ್ತಿರ ಬರುತ್ತಿದೆ ಎಂದು. ಬಾಟಲಿ ತೊಳೆಯುವ ಬ್ರಷ್ಷಿನಂತೆ ಉಬ್ಬಿದರೆ ಬೀದಿಯಲ್ಲಿ ನಾಯಿ ಬಂದಿದೆ ಎಂದು. ಹಿತ್ತಿಲ ಗೋಡೆಯ ಮೇಲೆ ನಡೆಯುವಾಗ ಅದೇ ಬಾಲ ದೊಂಬರ ಹುಡುಗಿಯ ಕೈಯ ಕೋಲಿನ ಹಾಗೆ ಅತ್ತಿತ್ತ ತೂಗುವುದನ್ನು ನನ್ನನ್ನು ಕರೆದು ತೋರಿಸಿದ. ಗಿರಾಕಿಗಳಿಗೂ ‘ಈಗ ಕ್ವಾಪ ಬಂದದೆ, ತಡೀರಿ’ ಎಂದು ಹೇಳುವ ಮಟ್ಟಕ್ಕೆ ಬಂದ. ಒಂದು ಮಧ್ಯಾಹ್ನ ಒಲೆ ಒರೆಸುತ್ತಿದ್ದವನು, ನನ್ನ ಕಡೆ ತಿರುಗದೆಯೇ, ‘ನಿಮ್ಮವ್ವ ಆವತ್ತು ಒಂದೇ ಲೋಟ ಒರಸ್ತಾ ನಿಂತಿದ್ಲು ಕಣವ್ವ. ನಾನೂ ನೋಡ್ದೆ. ಬರೀ ಲೋಟ ಅನ್ಕೊಂಡೆ’ ಅಂದ.

ಆವತ್ತು ಅಂದರೆ ಆಯುಧಪೂಜೆಯ ಹಿಂದಿನ ದಿನ. ಅಜ್ಜಿಗೆ ಜೋರಾಗಿದೆ ಎಂದು ಮಾವನ ಫೋನು ಬಂದಿತ್ತು. ದಸರೆಗೆ ಹೋಗುವವರಿಂದ ಹೋಟೆಲು ತುಂಬಿತ್ತು. ‘ಗಿರಾಕಿ ಅವ್ರೆ, ನಾಳೆ ಓಗುವಂತೆ ಬುಡು’ ಎಂದಿದ್ದ ಅಪ್ಪ. ನೀನು ಲೋಟ ಒರೆಸುತ್ತ ನಿಂತೆ. ಬೆಳಗಾಗುವಷ್ಟರಲ್ಲಿ ಅಜ್ಜಿ ಇರಲಿಲ್ಲ.

ಹೋದ ಭಾನುವಾರ ಮಳೆ ಹನಿಯುತ್ತಿದೆಯೆಂದು ಅಪ್ಪ ಒಂದು ಬದಿಯ ಷಟರನ್ನು ನೆಲದವರೆಗೆ ಎಳೆದ. ಅಡಿಯಲ್ಲಿ ಬೂದಿ ನುಸುಳುತ್ತಿದ್ದುದು ಕಾಣಲಿಲ್ಲ. ಮೈ ಈಚೆ ಬಂತು, ಬಾಲ ಸಿಕ್ಕಿಕೊಂಡಿತು. ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಇಲ್ಲಿನ ದನದ ಡಾಕ್ಟರಿಗೆ ಫೋನು ಮಾಡಿದರೆ, ಭಾನುವಾರವಲ್ಲವೆ, ನಾಳೆ ತನ್ನಿ ಅಂದರು. ‘ನಾಳೆ ಅನ್ಬ್ಯಾಡಿ ಸಾ. ನಾಳೆ ಅಂದು ನೋಡಿವ್ನಿ’ ಅಂದ ಅಪ್ಪ. ತಟ್ಟೆ ಮುಂದಿಟ್ಟುಕೊಂಡಿದ್ದ ಗಿರಾಕಿಗಳನ್ನು ಮುದ್ದಮ್ಮನಿಗೆ ಬಿಟ್ಟು, ತರಕಾರಿ ಬುಟ್ಟಿಗೆ ತನ್ನ ಟವೆಲು ಹಾಸಿ, ಮಂಡ್ಯದ ಬಸ್ಸು ಹತ್ತಿದ. ಜೊತೆಗೆ ನಾನೂ ಹೋದೆ. ದಾರಿಯುದ್ದಕ್ಕೂ ಬುಟ್ಟಿ ಅವನ ತೊಡೆಯ ಮೇಲೇ ಇತ್ತು.

ಅಲ್ಲಿನ ಡಾಕ್ಟರಮ್ಮ ಬಾಲ ಉಳಿಯುವುದಿಲ್ಲ ಎಂದರು. ಈಗ ಹೆಬ್ಬೆರಳಿನಷ್ಟು ಮೋಟು ಉಳಿದಿದೆ. ‘ಇನ್ಮೇಲೆ ಅದು ಎಂಗಮ್ಮ ಯೋಳ್ತದೆ?’ ಎಂದು ಅಪ್ಪ ಕೇಳಿದ. ಜಿಗಿಯುವುದು, ಸಮತೋಲ ಎಲ್ಲ ನಿಧಾನಕ್ಕೆ ಕಲಿಯುತ್ತದೆ ಎಂದು ಆಕೆ ಉತ್ತರಿಸಿದರು. ಅಪ್ಪ ಕೇಳಿದ್ದು ಅದನ್ನಲ್ಲ ಎಂದು ನನಗೆ ಗೊತ್ತಿತ್ತು.

ನಿನ್ನೆ ಬೂದಿ ಗೋಡೆ ಹತ್ತಲು ಹೋಗಿ ಬಿತ್ತು. ಹಸಿದಾಗ ಈಗಲೂ ಅಪ್ಪನ ಕಾಲಿಗೆ ಮೈ ಉಜ್ಜುತ್ತದೆ. ಬ್ಯಾಂಡೇಜಿನೊಳಗೆ ಆ ಮೋಟು ಮೇಲಕ್ಕೇಳಲು ಅಲುಗುತ್ತದೆ. ಅದನ್ನು ಕಂಡಾಗಲೆಲ್ಲ ಅಪ್ಪ ಒಲೆಯ ಕಡೆ ತಿರುಗಿಬಿಡುತ್ತಾನೆ.

ಮಾವನಿಗೆ, ಅತ್ತೆಗೆ ನನ್ನ ನಮಸ್ಕಾರ ಹೇಳು. ಅಜ್ಜಿಯ ಫೋಟೋಗೆ ನನ್ನದೂ ಒಂದು ಹೂವಿಡು. ಹೊತ್ತಿಗೆ ಸರಿಯಾಗಿ ಉಣ್ಣು ಅವ್ವ.

ನಿನ್ನ ಮಗಳು,
ರಮ್ಯಶ್ರೀ

ಬರೆದು ಮುಗಿಸಿದ ಮೇಲೆ: ಅಂಚೆಗೆ ಹಾಕೋಣವೆಂದಿದ್ದೆ. ಕವರು ಅಂಟಿಸಲು ಹೊರಟಿದ್ದನ್ನು ನೋಡಿದ ಅಪ್ಪ, ನಾಳೆ ಹೋಟೆಲ್ ತೆಗೆಯುವುದಿಲ್ಲ, ಕಾಗದ ನಾನೇ ಕೊಡುತ್ತೇನೆ ಅನ್ನುತ್ತಿದ್ದಾನೆ. ಹಾಗಾಗಿ ನೀನು ಇದನ್ನು ಓದುವ ಹೊತ್ತಿಗೆ ಅವನು ಮಾವನ ಮನೆಯ ಬಾಗಿಲ ಆಚೆ ನಿಂತಿರುತ್ತಾನೆ. ಕರೆಯದೆ ಒಳಗೆ ಬರುವುದಿಲ್ಲ, ಏನೂ ಹೇಳುವುದೂ ಇಲ್ಲ. ಹೆಗಲ ಟವೆಲು ತೆಗೆದು ಮಡಿಸುತ್ತಾನೆ, ಬಿಚ್ಚುತ್ತಾನೆ, ಮತ್ತೆ ಮಡಿಸುತ್ತಾನೆ. ನೀನು ಬಂದೇ ಬಿಡಬೇಕು ಎಂದು ನಾನು ಬರೆಯುತ್ತಿಲ್ಲ ಅವ್ವ. ಅದು ಬರೀ ಟವೆಲು ಅಂದುಕೊಳ್ಳಬೇಡ.