ರ‍್ಯಾಂಪಿಗೆ ಎಣ್ಣೆಸ್ನಾನ

ಅಣ್ಣಾ ನಗರ, ಚೆನ್ನೈ
2 ನವೆಂಬರ್ 2001

ಪ್ರೀತಿಯ ರಾಯರಿಗೆ,

ನಮಸ್ಕಾರಗಳು. ಎದುರಿಗಿದ್ದಾಗ ಮಾಡದೆ ಬಾಕಿ ಉಳಿದವನ್ನೂ ಸೇರಿಸಿಯೇ ಮಾಡಿದ್ದೇನೆ, ಒಪ್ಪಿಸಿಕೊಳ್ಳಿ. ನಿಮ್ಮ ಕೆಮ್ಮು ಹೇಗಿದೆ? ಗುವಾಹಟಿಯಲ್ಲಿ ಚಳಿ ಇನ್ನೂ ಶುರುವಾಗಿಲ್ಲ ಅಂತ ಫೋನಿನಲ್ಲಿ ಹೇಳಿದಿರಿ; ಹೇಳುತ್ತ ಹೇಳುತ್ತಲೇ ಕೆಮ್ಮಿದಿರಿ. ಪ್ರಮೋಷನ್ ಕೊಟ್ಟು ಅಷ್ಟು ದೂರ ಅಟ್ಟಿದ ರೈಲ್ವೆಯವರು ಜೊತೆಗೊಂದು ಮಫ್ಲರನ್ನೂ ಕೊಡಬಾರದಿತ್ತೆ? ಮೆಣಸಿನ ಸಾರಿನ ಪುಡಿ ಮುಗಿದಿದ್ದರೆ ಬರೆಯಿರಿ. ಮುಗಿದಿಲ್ಲವಾದರೆ ಯಾಕೆ ಮುಗಿದಿಲ್ಲ ಎಂದು ಬರೆಯಿರಿ. ಇಲ್ಲಿ ನಾವೆಲ್ಲ ಕ್ಷೇಮ. ಅತ್ತೆಯವರ ಮೊಣಕಾಲು ಮಳೆಯ ಹಿಂದಿನ ದಿನ ತಪ್ಪದೆ ನೋಯುತ್ತಿದೆ. ರೇಡಿಯೋದ ಹವಾಮಾನ ವರದಿಗಿಂತ ನಂಬಿಕಸ್ಥ ಮೊಣಕಾಲು. ನಮ್ಮ ಭಾವನಾ, ಮಾಧವರಂನ ಹಳೆಯ ಮನೆಯಲ್ಲಿದ್ದಾಗ ಕಾಲೇಜಿನ ಬಸ್ಸಿಗೆ ಓಡುತ್ತಿದ್ದ ಹೊತ್ತಿನಲ್ಲಿ, ಈಗ ಕಾಲೇಜು ಹತ್ತಿರವಾಗಿ, ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸುತ್ತಾಳೆ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಅವಳ ವ್ರತ ನಿರ್ವಿಘ್ನವಾಗಿ ಸಾಗಿದೆ.

ವಿಜಯದಶಮಿಯ ದಿನ ಮನೆ ಬದಲಾಯಿಸಿದ್ದನ್ನು ಫೋನಿನಲ್ಲಿ ಹೇಳಿದೆ. ಸ್ಕೂಟರಿನ ಸಂಗತಿ ಮಾತ್ರ ಹೇಳಲಿಲ್ಲ. ಅದು ಎಸ್‌ಟಿಡಿ ಬೂತಿನಲ್ಲಿ, ಹಿಂದೆ ನಿಂತವರು ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಹೇಳುವಂಥದ್ದಲ್ಲ. ಹೊರಡುವ ದಿನ ನೀವು ಹೊರಡಿಸಿದ ಆಜ್ಞೆ ನೆನಪಿದೆ ತಾನೆ? "ಹೊಸ ಮನೆಯ ಪೋರ್ಟಿಕೊ ಎರಡಡಿ ಎತ್ತರ. ಮೆಟ್ಟಿಲಿದೆ, ಇಳಿಜಾರಿಲ್ಲ. ಓನರಮ್ಮ ಕಟ್ಟಿಸೋದೂ ಇಲ್ಲ. ರಸ್ತೇಲಿ ಬಿಟ್ಟರೆ ಮಳೆಗಾಲದಲ್ಲಿ ಸೀಟಿನವರೆಗೂ ನೀರು. ಆ ಪೋರ್ಟಿಕೊ ಹತ್ತಿದರೆ ಗಾಡಿ ಇರಲಿ, ಹತ್ತದಿದ್ದರೆ ದೀಪಾವಳಿಯೊಳಗೆ ವಿಷ್ಣುಮೂರ್ತಿಗೆ ಕೊಟ್ಟುಬಿಡು." ನಿಮ್ಮ ಆಫೀಸಿನ ಆ ವಿಷ್ಣುಮೂರ್ತಿ ಅಂದಿನಿಂದ ವಾರವಾರವೂ ಬಂದು ಕಾಫಿ ಕುಡಿದು, ಸ್ಕೂಟರಿನ ಬೆನ್ನು ತಟ್ಟಿ, "ಸೈಡ್‌ಕಾರ್ ಬೇಡಮ್ಮ, ಬಿಚ್ಚಿ ಇಟ್ಕೊಳಿ, ನಂಗೆ ಗಾಡಿ ಸಾಕು" ಎನ್ನುತ್ತಿದ್ದರು. ಬಾಲ ಬೇಡ, ಹಸು ಸಾಕು ಎಂಬಂತೆ. ಗಾಡಿ ಹೋದರೆ, ಅದರ ಪಕ್ಕದ ಸೈಡ್‌ಕಾರಿನಲ್ಲಿ ಕೂತು ಓಡಾಡುವ ಅತ್ತೆಯವರ ಲೋಕ ಹಾಸಿಗೆಯಿಂದ ಹಜಾರದವರೆಗೆ, ಅಷ್ಟೆ. ಆಟೋ ಹತ್ತಲು ಅವರ ಮೊಣಕಾಲು ಒಪ್ಪುವುದಿಲ್ಲ, ಬಸ್ಸಿನ ಮಾತೇ ಬೇಡ. ಅದನ್ನು ನೀವು ಯೋಚಿಸಿಯೇ ಇರುತ್ತೀರಿ. ಯೋಚಿಸಿ, ಎತ್ತರಕ್ಕೆ ಹೆದರಿದಿರಿ.

ನನಗೂ ಅದರ ಮೇಲೆ ಹಕ್ಕಿದೆ ಸ್ವಾಮಿ. ಆ ಸೈಡ್‌ಕಾರ್ ಬಂದದ್ದೇ ನನ್ನಿಂದ. ಮದುವೆಯಾದ ಹೊಸತು, ಎಗ್ಮೋರಿನ ಮ್ಯೂಸಿಯಂ ತೋರಿಸುತ್ತೇನೆಂದು ಹೊರಡಿಸಿದಿರಿ. ದಾರಿಯಲ್ಲಿ ಸಿಗ್ನಲ್ ಬಿತ್ತು, ನನ್ನ ಚಪ್ಪಲಿಯೂ ಬಿತ್ತು. ಎತ್ತಿಕೊಳ್ಳಲು ಇಳಿದೆ, ಹಸಿರು ಬಂತು, ನೀವು ಹೋದಿರಿ. ಮ್ಯೂಸಿಯಂನ ಬಾಗಿಲವರೆಗೂ ಹಿಂದಿನ ಖಾಲಿ ಸೀಟಿಗೆ ಕಂಚಿನ ವಿಗ್ರಹಗಳ ಮಹತ್ವ ವಿವರಿಸುತ್ತ ಹೋದಿರಂತೆ. ಟಿಕೆಟು ತೆಗೆದುಕೊಂಡ ಮೇಲೆ ಹೆಂಡತಿ ನೆನಪಾದಳು. ನಾನು ಸಿಗ್ನಲ್ಲಿನ ಪಕ್ಕದ ಹೂವಿನಂಗಡಿಯವಳ ಹತ್ತಿರ ಅಷ್ಟು ಹೊತ್ತಿಗೆ ಅರ್ಧ ತಮಿಳು ಕಲಿತಿದ್ದೆ. ಅತ್ತೆಯವರು ಕೇಳಿ ನಿಮ್ಮ ಮೇಲೆ ಕೆಂಡವಾದರು: "ಕಮಲೂ, ಹೆಂಡತೀನ ಕಣ್ಣಿಗೆ ಕಾಣೋ ಕಡೆ ಕೂರಿಸ್ಕೊ!" ಹಾಗೆ ಬಂದ ಸಿಂಹಾಸನ ಅದು. ಕಣ್ಣಿಗೆ ಕಂಡೆ, ಆದರೆ ಎಂಜಿನ್ನಿನ ಸದ್ದಿನಲ್ಲಿ ಕಿವಿಗೆ ಕೇಳಿಸಲಿಲ್ಲ. ಅದಕ್ಕೇ ಕೊಡೆಯ ಕಾನೂನು ಮಾಡಿಕೊಂಡೆವು. ಕೊಡೆಯ ತುದಿಯಿಂದ ನಿಮ್ಮ ಮೊಣಕಾಲಿಗೆ ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸಿ. ಮಲ್ಲಿಗೆ ಮಾರುವವಳು ಕಂಡಾಗೆಲ್ಲ ನಾನು ಎರಡು ತಟ್ಟುತ್ತಿದ್ದೆ. ನಿಮ್ಮ ಮೊಣಕಾಲಿಗೆ ಮಾತ್ರ ಆಗೆಲ್ಲ ಲೆಕ್ಕ ತಪ್ಪುತ್ತಿತ್ತು. ಆಮೇಲೆ ಭಾವನಾ ಹುಟ್ಟಿದಳು, ಸಿಂಹಾಸನ ಅಜ್ಜಿ ಮೊಮ್ಮಗಳಿಗೆ ಹೋಯಿತು, ನಾನು ಮತ್ತೆ ಹಿಂದಿನ ಸೀಟಿಗೆ ಬಂದೆ. ಆದರೂ ಕೊಡೆ ಯಾರ ಕೈಲಿದ್ದರೂ ಕಾನೂನು ಅದೇ.

ಸರಿ, ಓಡಿಸಿಕೊಂಡೇ ಹೊಸ ಮನೆಗೆ ತರಬಹುದಿತ್ತಲ್ಲ ಎನ್ನುತ್ತೀರಿ. ಮೆಕ್ಯಾನಿಕ್ ತಿರುಮಲ ಕಾರ್ಬುರೇಟರ್ ಬಿಚ್ಚಿಕೊಂಡು ಹೋಗಿ, "ದಸರಾ ಕಳೀಲಿ ಅಕ್ಕಾ" ಎಂದುಬಿಟ್ಟಿದ್ದ. ಲಾರಿಯವರು ಮಂಚ ಬೀರುಗಳ ಜೊತೆ ಮಲಗಿಸಿ ಒಯ್ಯುತ್ತೇವೆಂದರು, ಅತ್ತೆಯವರು "ಮಲಗಿಸೋಕೆ ಅದೇನು ಹೆಣವೇ?" ಎಂದರು. ಹಿಂದಿನ ಬೀದಿಯ ಅಡುಗೆ ಕಾಂಟ್ರಾಕ್ಟಿನ ಕಾಂತಪ್ಪನವರ ಜೀಪಿಗೆ ಒಂದು ಟ್ರೇಲರ್ ಇದೆಯಲ್ಲ, ಮದುವೆಗಳಿಗೆ ಕೊಪ್ಪರಿಗೆ ಸಾಗಿಸುವುದು, ಅದನ್ನು ಕೇಳಿದೆ. ಅವರು ಕೊಡಲು ತಯಾರು. ಆದರೆ ಕೊಪ್ಪರಿಗೆಯನ್ನು ನಾಲ್ಕು ಜನ ಎತ್ತಿ ಇಡುತ್ತಾರೆ. ಈ ಗಾಡಿಯನ್ನು ಹತ್ತಿಸಲು ರ‍್ಯಾಂಪು ಬೇಕು. ಆಗ ನನಗೆ ಹೊಳೆಯಿತು: ಟ್ರೇಲರಿಗೆ ಹತ್ತಿಸುವ ರ‍್ಯಾಂಪು ಪೋರ್ಟಿಕೊಗೆ ಹತ್ತಿಸದೆ ಇರುತ್ತದೆಯೆ? ಹತ್ತಿಸಿದ ಮೇಲೆ ಮಡಚಿ ಗೋಡೆಗೆ ಒರಗಿಸಿದರೆ ಓನರಮ್ಮನ ಅಂದಚಂದಕ್ಕೂ ಭಂಗವಿಲ್ಲ. ನಿಮ್ಮ ಆಜ್ಞೆಗೆ ಇಷ್ಟು ದೊಡ್ಡ ತೂತಿದೆ ಎಂದು ನಿಮಗೇ ಗೊತ್ತಿರಲಿಲ್ಲ, ಪಾಪ.

ಮೊದಲು ಕಟ್ಟಡದವರ ಸೆಂಟ್ರಿಂಗ್ ಹಲಗೆ ತಂದೆವು. ಬರೀ ಸೈಡ್‌ಕಾರ್ ಚಕ್ರಕ್ಕೇ ನಡು ಬಗ್ಗಿಸಿ ನರಳಿತು, ವಾಪಸು ಕಳಿಸಿದೆವು. ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಬೈಕು ಹತ್ತಿಸಲು ಮಾಡಿಟ್ಟಿದ್ದ ಕಬ್ಬಿಣದ ರ‍್ಯಾಂಪು ತಂದೆವು. ಗಟ್ಟಿಯೇನೋ ಗಟ್ಟಿ, ಆದರೆ ಗಿಡ್ಡ. ಗಿಡ್ಡವಾದಷ್ಟೂ ಕಡಿದು. ಮುಂದಿನ ಚಕ್ರ ಟ್ರೇಲರಿನೊಳಗೆ ಕಾಲಿಡುವಷ್ಟರಲ್ಲಿ ಸೈಡ್‌ಕಾರಿನ ಹೊಟ್ಟೆ ಅಂಚಿಗೆ ತಗುಲಿ, ಗಾಡಿ ಗೋಡೆ ಹತ್ತಲು ಹೋಗಿ ಸಿಕ್ಕಿಕೊಂಡ ಕಳ್ಳನ ಹಾಗೆ ನೇತಾಡಿತು. ಉದ್ದ ಮಾಡಿಸಬೇಕು, ಸರಿ. ಎಷ್ಟು ಉದ್ದ? ಕಾಂತಪ್ಪನವರು ಒಂದು ಹೇಳಿದರು, ವೆಲ್ಡಿಂಗಿನವನು ಇನ್ನೊಂದು ಹೇಳಿದ. ಅತ್ತೆಯವರು ಕೂತಲ್ಲಿಂದಲೇ ತೀರ್ಪು ಕೊಟ್ಟರು: "ನನ್ನ ಕಾಲು ಹತ್ತೋವಷ್ಟು ಜಾರು ಇದ್ರೆ ಗಾಡೀನೂ ಹತ್ತುತ್ತೆ. ನನಗಿಂತ ಅದಕ್ಕೇ ವಯಸ್ಸು ಕಮ್ಮಿ." ಹಳೆಯ ಬಾಗಿಲೊಂದನ್ನು ಕಲ್ಲಿನ ಮೇಲೆ ಒರಗಿಸಿ ಅವರನ್ನು ನಡೆಸಿದೆವು. ಹೆಜ್ಜೆಗೊಮ್ಮೆ "ನರಹರೀ" ಎಂದರೆ ಕಡಿದಾಯಿತು, ಇನ್ನಷ್ಟು ತಗ್ಗಿಸಬೇಕು. ನರಹರಿಯ ಸ್ಮರಣೆಯಿಲ್ಲದೆ ತುದಿ ಮುಟ್ಟಿದ ಇಳಿಜಾರು ಯಾವುದೋ ಅದೇ ಕೊನೆಗೆ ಅಳತೆಯಾಯಿತು. ಭಾವನಾ ಆ ಲೆಕ್ಕಕ್ಕೆ ರ‍್ಯಾಂಪಿನ ಉದ್ದ ಬರೆದುಕೊಟ್ಟಳು. ನಡುವೆ ಕಬ್ಬಿಣ ಸೇರಿಸಿ, ಮಡಚಲು ಕೀಲು ಹಾಕಿಸಿ, ತುದಿಯಲ್ಲಿ ಅಂಚು ಕಚ್ಚಿಕೊಳ್ಳಲು ಕೊಕ್ಕೆ ಇಡಿಸಿ, ಚಕ್ರ ಜಾರದಂತೆ ಅಡ್ಡಡ್ಡಕ್ಕೆ ಸಣ್ಣ ಸರಳು ಬೆಸುಗೆ ಹಾಕಿಸಿದೆವು.

ಎಷ್ಟು ರ‍್ಯಾಂಪು ಬೇಕೆಂಬುದರ ಮೇಲೆ ಒಂದು ಸಂಜೆಯೆಲ್ಲ ಜಗಳ. ಕಾಂತಪ್ಪನವರು "ಮೂರು ಚಕ್ರ ಇದೆ, ಮೂರು ಬೇಕು. ಆಟೋಗೆ ಮೂರು ಬೇಡ್ವಾ?" ಎಂದರು. ಆಟೋದ ಮುಂದಿನ ಚಕ್ರ ನಡುವೆ ಇರುತ್ತದೆ ಅಣ್ಣಾ, ಸ್ಕೂಟರಿನ ಎರಡೂ ಚಕ್ರ ಒಂದರ ಹಿಂದೆ ಒಂದು ಹೋಗುತ್ತವೆ, ಸೈಡ್‌ಕಾರಿನದೊಂದು ಬೇರೆ, ಎರಡು ಸಾಕು ಎಂದೆ. ನಾನು ಹೇಳಿ ಮುಗಿಸುವುದರೊಳಗೆ ಅವರು ಮೂರು ಮಾಡಿಸಿ ತಂದಾಗಿತ್ತು. ನಗಬೇಕೆಂದೇ ಬಾಯಿ ತೆರೆದೆ. ಆದರೆ ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಡೆಯುವವರು ಎಲ್ಲಿ ಕಾಲಿಡಬೇಕು? ಮೂರನೆಯದರ ಮೇಲೆ! ಕಾಂತಪ್ಪನವರು "ಅದಕ್ಕೇ ಮಾಡಿಸಿದ್ದು" ಎಂದು ಕಣ್ಣು ಕೂಡ ಮಿಟುಕಿಸದೆ ಹೇಳಿದರು.

ಆಯುಧಪೂಜೆ ಬಂತು. ಸ್ಕೂಟರಿಗೆ ಹೂ, ಕುಂಕುಮ, ಚಕ್ರಕ್ಕೆ ನಿಂಬೆಹಣ್ಣು. ನಿಮ್ಮ ಸ್ಪ್ಯಾನರಿಗೂ ಗಂಧ ಬಿತ್ತು. ರ‍್ಯಾಂಪುಗಳನ್ನೂ ಸಾಲಾಗಿ ಮಲಗಿಸಿ ಪೂಜೆ ಮಾಡಿದೆವು. ಮರುದಿನ ಬೆಳಿಗ್ಗೆ ಲಾರಿ ಮುಂದೆ ಹೋಯಿತು, ಟ್ರೇಲರ್ ಬಾಗಿಲಿಗೆ ಬಂದು ನಿಂತಿತು. ವಿಷ್ಣುಮೂರ್ತಿಯವರೂ ಬಂದರು. ಹತ್ತದಿದ್ದರೆ ಹಾಗೇ ಎಳೆದುಕೊಂಡು ಹೋಗಲು ಹಗ್ಗ ಸಹಿತ ಬಂದಿದ್ದರು. ಬಂದವರನ್ನು ಬರಿದೆ ನಿಲ್ಲಿಸುವುದು ಮರ್ಯಾದೆಯಲ್ಲವೆಂದು ಅವರನ್ನೇ ಹಿಂದೆ ತಳ್ಳಲು ಹಾಕಿದೆ. ಕಾಂತಪ್ಪನವರು ಹ್ಯಾಂಡಲ್ ಹಿಡಿದು ಗಂಭೀರವಾಗಿ ಮೂರನೆಯ ರ‍್ಯಾಂಪು ಏರಿದರು. ಗಾಡಿ ಅರ್ಧ ಹತ್ತಿತು. ಆಮೇಲೆ ಯಾರನ್ನೂ ಕೇಳದೆ, ಮೆಲ್ಲನೆ, ಬಹಳ ಮರ್ಯಾದೆಯಿಂದ ಹಿಂದಕ್ಕೆ ಜಾರತೊಡಗಿತು. ಕಾಂತಪ್ಪನವರು ಹ್ಯಾಂಡಲ್ ಬಿಡದೆ ನಿಂತ ಭಂಗಿಯಲ್ಲೇ ಜಾರಿ ನೆಲ ಮುಟ್ಟಿದರು. ವಿಷ್ಣುಮೂರ್ತಿಯವರು ಪಕ್ಕಕ್ಕೆ ಹಾರಿ ದಾಸವಾಳದ ಗಿಡದಲ್ಲಿ ಕೂತರು. ಮೇಲೆದ್ದು ಹೂ ಕೊಡವಿಕೊಂಡು, "ಅಮ್ಮಾ, ಇದು ಶಕುನ. ಗಾಡಿಗೇ ಹೋಗೋಕೆ ಇಷ್ಟ ಇಲ್ಲ" ಎಂದು ಹಗ್ಗ ಬಿಚ್ಚಿದರು. ಇಷ್ಟೆಲ್ಲ ಅಳೆದು, ಬೆಸೆದು, ಕೊನೆಗೆ ನೀವು ಹೇಳಿದ್ದೇ ನಿಜವಾಗುತ್ತದೆಯೆ ಎಂಬುದೇ ನನ್ನ ಸಂಕಟ.

ಭಾವನಾ ರ‍್ಯಾಂಪನ್ನು ಮುಟ್ಟಿ, ಬೆರಳು ಮೂಸಿ, "ಅಯ್ಯೋ ಪಾಟ್ಟಿ, ಎಣ್ಣೈಯಾ!" ಎಂದು ಅಜ್ಜಿಯತ್ತ ತಿರುಗಿ ಕಿರುಚಿದಳು. ಹರಳೆಣ್ಣೆ! ಪ್ರತಿ ವರ್ಷ ಪೂಜೆಯಾದ ಮೇಲೆ ಈಳಿಗೆಮಣೆ, ಕತ್ತಿ, ತುರಿಮಣೆಗಳಿಗೆ ಎಣ್ಣೆ ಸವರಿಡುವುದು ಅತ್ತೆಯವರ ಪದ್ಧತಿಯಲ್ಲವೆ? ಈ ಸಲ ಮನೆಗೆ ಮೂರು ದೊಡ್ಡ ಆಯುಧಗಳು ಹೊಸದಾಗಿ ಬಂದಿದ್ದವು. ಬಾಟಲಿ ಪೂರ್ತಿ ಸುರಿದು ಮೂರಕ್ಕೂ ಸರಳಿನ ಸಂದಿಗೊಂದಿಯೆಲ್ಲ ಬಿಡದೆ ತಿಕ್ಕಿದ್ದರು. "ಕಬ್ಬಿಣಕ್ಕೆ ಎಣ್ಣೆ ಹಾಕದೆ ಪೂಜೆ ಹೇಗಾಗುತ್ತೆ? ತುಕ್ಕು ಹಿಡಿಯಲ್ವೆ?" ಎಂದು ನಮ್ಮನ್ನೇ ಕೇಳಿದರು. ತುಕ್ಕು ಹಿಡಿಯುವುದು ನಿಜವಲ್ಲವೆ? ಕೇಳಿದವರೇ ಸೆರಗು ಸಿಕ್ಕಿಸಿಕೊಂಡು ಎದ್ದರು. "ಎಣ್ಣೆ ಹಚ್ಚಿದವಳಿಗೆ ಇಳಿಸೋಕೂ ಬರುತ್ತೆ. ಸೀಗೆಪುಡಿ ತಾರೆ, ವೃಂದಾ." ಕೈಚೀಲದಲ್ಲಿದ್ದ ಸೀಗೆಪುಡಿ, ಪಕ್ಕದ ಮನೆಯಿಂದ ತಂದ ಬಿಸಿನೀರು, ತೆಂಗಿನ ನಾರು. ದೀಪಾವಳಿಗೆ ನಮಗೆ ಮಾಡುವ ಎಣ್ಣೆಸ್ನಾನ ಈ ವರ್ಷ ಮೊದಲು ಆದದ್ದು ರ‍್ಯಾಂಪಿಗೆ. ಬೆನ್ನು ತಿಕ್ಕಿದವರಲ್ಲಿ ವಿಷ್ಣುಮೂರ್ತಿಯವರೂ ಒಬ್ಬರು. ಕಣ್ಣಿಗೆ ಸೀಗೆಪುಡಿ ಬಿದ್ದು ಅವರು ಅತ್ತದ್ದನ್ನು ಗಾಡಿ ಕೈತಪ್ಪಿದ ದುಃಖವೆಂದು ಕಾಂತಪ್ಪನವರು ಸಮಾಧಾನ ಮಾಡಿದರು.

ಬಿಸಿಲಿಗೆ ಒಣಗಿದ ಮೇಲೆ ಗಾಡಿ ಮೊದಲ ಸಲ ತಳ್ಳಿದ್ದಕ್ಕೇ ಹತ್ತಿತು. ಅದರ ಹಿಂದೆಯೇ, ನಾವು ಹಗ್ಗ ಕಟ್ಟುತ್ತಿರುವಾಗ, ಅತ್ತೆಯವರು ದೇವರ ಪೆಟ್ಟಿಗೆ ಅವಚಿಕೊಂಡು ಮೂರನೆಯ ರ‍್ಯಾಂಪು ಹತ್ತಿಬಿಟ್ಟರು. ನರಹರಿಯನ್ನು ಕರೆಯಲಿಲ್ಲ. ಸೈಡ್‌ಕಾರಿನಲ್ಲಿ ಕೂತು, "ಪೊರಕೆ, ಹಳೇ ಚಾಪೆ ಹೋದ ಲಾರೀಲಿ ದೇವರು ಹೋಗಬಾರದು. ನಡೆಯಿರಿ" ಎಂದರು. ಅವರನ್ನು ಇಳಿಸಲು ಯಾರಿಂದಾದೀತು ಹೇಳಿ, ನಿಮ್ಮ ಅಮ್ಮ ತಾನೆ? ಜೀಪು ಮದುವೆಯ ಹೆಣ್ಣನ್ನು ಕರೆತರುವ ಗತ್ತಿನಲ್ಲಿ ನಿಧಾನವಾಗಿ ಹೋಯಿತು. ದಾರಿಯಲ್ಲಿ ಪಾಡಿಯ ಸಿಗ್ನಲ್ಲಿನ ಹತ್ತಿರ ಪೊಲೀಸಿನವನು ಕೈ ಅಡ್ಡ ಹಿಡಿದು ಬಂದ, ಪೆಟ್ಟಿಗೆ ಕಂಡ, ಚಪ್ಪಲಿ ಕಳಚಿ ಕೈಮುಗಿದ. ಅತ್ತೆಯವರು ಆಶೀರ್ವಾದ ಮಾಡಿದರು. ಹಿಂದಿನ ಸಾಲಿನ ಬಸ್ಸಿನವರೆಲ್ಲ ನೋಡುತ್ತಿದ್ದರು. ನನಗೆ ಮಾತ್ರ ಅಲ್ಲಿ ಚಪ್ಪಲಿ ಬಿದ್ದ ಹಳೆಯ ಸಿಗ್ನಲ್ಲು ನೆನಪಾಗಿ ನಗುವೂ ಬಂತು, ಇನ್ನೊಂದೂ ಬಂತು. ನೀವಿರಬೇಕಿತ್ತು.

ಅದೇ ರ‍್ಯಾಂಪು ಹತ್ತಿ ಗಾಡಿ ಈಗ ಪೋರ್ಟಿಕೊ ಮೇಲಿದೆ. ಎರಡು ರ‍್ಯಾಂಪು ಮಡಚಿ ಗೋಡೆಗೆ ಒರಗಿವೆ. ಮೂರನೆಯದನ್ನು ಮಡಚುವಂತಿಲ್ಲ, ಅದು ಮೆಟ್ಟಿಲ ಪಕ್ಕ ಅತ್ತೆಯವರ ರಾಜಮಾರ್ಗ. ದಿನಾ ಸಂಜೆ ಅದರ ಮೇಲೆ ಇಳಿದು ಗೇಟಿನ ತನಕ ಹೋಗಿ, ಬೀದಿಯ ಯೋಗಕ್ಷೇಮ ವಿಚಾರಿಸಿ ಬರುತ್ತಾರೆ. ಓನರಮ್ಮ ಅದಕ್ಕೆ ರಂಗೋಲಿ ಹಾಕಲೇ ಎಂದು ಕೇಳಿದ್ದಾರೆ.

ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ, ಕಿವಿಗೆ ಹತ್ತಿ ಇಟ್ಟುಕೊಳ್ಳಲೂ ಹೇಳಿದ್ದಾರೆ. ಭಾವನಾ ತಮಿಳಿನಲ್ಲಿ ಏನೋ ಹೇಳಿದಳು, ಪ್ರೀತಿಯದ್ದೇ ಇರಬೇಕು. ಕಾಂತಪ್ಪನವರ ನಮಸ್ಕಾರ. ಹೊಟ್ಟೆ ತುಂಬ ಉಣ್ಣಿ, ಮೈ ತುಂಬ ಹೊದೆಯಿರಿ.

ಕಣ್ಣಿಗೆ ಕಾಣುವ ಕಡೆ ಇಲ್ಲದ,
ನಿಮ್ಮ ವೃಂದಾ

ತಾ.ಕ.: ಅಂಚೆಗೆ ಹೊತ್ತಾಯಿತು, ಚುಟುಕಾಗಿ ಬರೆಯುತ್ತೇನೆ. ತಿರುಮಲ ನಿನ್ನೆ ಕಾರ್ಬುರೇಟರ್ ಕೂರಿಸಿದ. ಭಾವನಾ ತನ್ನ ಮೊಪೆಡ್ಡಿನ ಮೇಲೆ ನನಗೆ ತಿಂಗಳಿಂದ ಗಾಡಿ ಓಡಿಸಲು ಕಲಿಸುತ್ತಿರುವುದು ನಿಮಗೆ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ನಮ್ಮ ಗಾಡಿಯನ್ನೇ, ಎಲ್ ಬೋರ್ಡ್ ಹಚ್ಚಿ, ಇಲ್ಲಿಯ ಅಗಲ ರಸ್ತೆಯಲ್ಲಿ ಓಡಿಸಿದೆ; ಅತ್ತೆಯವರು ಸೈಡ್‌ಕಾರಿನಲ್ಲಿ ಕೂತು ನನಗಿಂತ ಮುಂಚೆ ಹಾರ್ನ್ ಹೊಡೆದರು, ಬಾಯಲ್ಲಿ. ದೀಪಾವಳಿಗೆ ನೀವು ಎಗ್ಮೋರಿನಲ್ಲಿ ಇಳಿದಾಗ ಆಟೋ ಕರೆಯಬೇಡಿ, ನಾನು ಬರುತ್ತೇನೆ. ಆ ಒಂದು ದಿನಕ್ಕೆ ಅತ್ತೆಯವರು ಸಿಂಹಾಸನ ನಿಮಗೆ ಬಿಟ್ಟುಕೊಟ್ಟಿದ್ದಾರೆ. ಕೊಡೆ ನಾನೇ ತರುತ್ತೇನೆ, ನಿಮ್ಮ ಕೈಗೆ ಕೊಡುತ್ತೇನೆ. ಮಲ್ಲಿಗೆಯವಳು ಕಂಡರೆ ಎರಡು ಸಲ ತಟ್ಟಿ, ನನ್ನ ಮೊಣಕಾಲಿಗೆ ಲೆಕ್ಕ ಬರುತ್ತದೆ.