ನಿಮ್ಮ ಬಾವುಟದ ಬಣ್ಣ ಹತ್ತಿದ ಕೈಗಳು

ಮಾನ್ಯ ನಗರಸಭಾ ಸದಸ್ಯರೇ,

ನೀವು ಗೆದ್ದ ಮರುವಾರದಿಂದ ಬಣ್ಣಗಾರರ ಬೀದಿಗೆ ಬೆಳಗಿನ ನೀರು ನಿಂತಿದೆ. ಅಕ್ಕಪಕ್ಕದ ಬೀದಿಗಳಿಗೆ ನಿಂತಿಲ್ಲ. ಇದು ಪೈಪಿನ ತೊಂದರೆಯಲ್ಲ, ಶಿಕ್ಷೆ ಎಂಬುದನ್ನು ನಿಮ್ಮ ಬಾಯಿಂದಲೇ ಕೇಳಿದ್ದೇನೆ. ಆ ಶಿಕ್ಷೆಗೆ ಕಾರಣವಾದ ಅಪರಾಧ ನಡೆದೇ ಇಲ್ಲ ಎಂದು ತಿಳಿಸಲು ಈ ಪತ್ರ. ತಿಳಿದ ಮೇಲೆ ನಿಮ್ಮ ನಿದ್ದೆ ಕೆಡಲಿ ಎಂಬ ಆಸೆಯೂ ಇದೆ; ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಮತಗಟ್ಟೆಯಲ್ಲಿ ನಿಮಗೆ ಬಿದ್ದ ಅಲ್ಪ ಮತಗಳ ಲೆಕ್ಕ ನೋಡಿ ನೀವು ಇಡೀ ಬೀದಿಯ ಮನಸ್ಸನ್ನು ಓದಿಬಿಟ್ಟಿರಿ. ಅಲ್ಲೇ ಹುಟ್ಟಿ ಬೆಳೆದು ತಲೆಗೂದಲು ನರೆಸಿಕೊಂಡ ನನಗೆ ಅದು ಇಷ್ಟು ಸಲೀಸಲ್ಲ. ಆದರೂ ಒಂದು ಮಾತು ಹೇಳಬಲ್ಲೆ. ತೊಟ್ಟಿಗಳ ಮುಂದೆ ನಿಂತು ಬಟ್ಟೆಗೆ ಬಣ್ಣ ಹಾಕುವವರು ನಿಮ್ಮ ತಂದೆಯ ಕಾಲದಿಂದಲೂ ನಿಮ್ಮ ಪರ. ತೊಟ್ಟಿ ಬಿಟ್ಟು ಮೇಜು ಕುರ್ಚಿ ಹಿಡಿದ ನನ್ನಂಥ ಗುಮಾಸ್ತರು ನಿಮ್ಮ ವಿರುದ್ಧ. ನಮ್ಮ ಮನೆಯಲ್ಲಿ ಈ ಎರಡು ಪಕ್ಷಗಳು ಒಂದೇ ಚಾಪೆಯ ಮೇಲೆ ಕೂತು ಉಣ್ಣುತ್ತವೆ. ಭಾವ ಹೋದ ಮೇಲೆ ಶೆಡ್ಡು ನಡೆಸುತ್ತಿರುವ ನನ್ನ ಅಕ್ಕ ನಿಮ್ಮನ್ನು ಬಿಟ್ಟುಕೊಟ್ಟವಳೇ ಅಲ್ಲ. ಅವರನ್ನು ಅಷ್ಟು ನಂಬಬೇಡ ಎಂದು ನಾನೆಂದರೆ, "ನಿನಗೇನೋ ಗೊತ್ತು, ಪೆನ್ನು ಹಿಡಿಯೋನೇ," ಎನ್ನುವಳು. ನಾನು ಅನ್ನ ಕಲಸಿಕೊಳ್ಳುತ್ತಿದ್ದೆ.

ಚುನಾವಣೆ ಬಂತೆಂದರೆ ಬಣ್ಣಗಾರರು ಕೆಲವು ದಿನ ಮೊದಲೇ ತೊಟ್ಟಿಗಳಿಗೆ ವಿರಾಮ ಕೊಡುತ್ತಾರೆ. ಕೈಯ ಬಣ್ಣ ಬಿಟ್ಟು ಉಗುರು ಕಾಣಿಸಿದರೆ ತಾನೇ ಮತಗಟ್ಟೆಯವರು ಶಾಯಿಯ ಗುರುತು ಹಾಕುವುದು? ಈ ಸಲ ವಿರಾಮ ಸಿಗಲಿಲ್ಲ. ಏಕೆಂದು ಬಲ್ಲಿರಾ? ನಿಮ್ಮವರು ಕೊನೆಯ ಗಳಿಗೆಯಲ್ಲಿ ರಾಶಿ ಬಟ್ಟೆ ತಂದು ಸುರಿದು, ನಿಮ್ಮ ಪಕ್ಷದ ಕಡುನೇರಳೆ ಬಾವುಟ ಬೇಕೆಂದರು. ಬೇರೆ ಯಾರಾದರೂ ಕೇಳಿದ್ದರೆ ಬೀದಿ ಆಗುವುದಿಲ್ಲ ಎನ್ನುತ್ತಿತ್ತು. ಕೇಳಿದವರು ನೀವು. ಮತದಾನದ ಹಿಂದಿನ ದಿನದವರೆಗೂ ಎಲ್ಲರೂ ಮೊಣಕೈವರೆಗೆ ನಿಮ್ಮ ಬಣ್ಣದಲ್ಲೇ ಮುಳುಗಿದ್ದರು.

ಮತಗಟ್ಟೆಗೆ ಬಂದಿದ್ದ ಅಧಿಕಾರಿ ಹೊಸಬ. ಸಾಲಿನಲ್ಲಿ ನಾನು ಅಕ್ಕನ ಹಿಂದೆಯೇ ಇದ್ದೆ.

"ಏನಮ್ಮಾ, ಒಂದ್ಸಲ ಹಾಕಿ ಬಂದಿದ್ದೀರಲ್ಲ?"

"ಇಲ್ಲಪ್ಪಾ, ಇದು ಬಟ್ಟೆ ಬಣ್ಣ. ಪಟ್ಟಿ ನೋಡು, ನನ್ನ ಹೆಸರಿಗೆ ಗೀಟು ಬಿದ್ದಿಲ್ಲ."

"ಬೇರೆ ಕಡೆ ಹಾಕಿದ್ರೆ ನನಗೇನು ಗೊತ್ತು? ಬೆರಳು ಹೇಳುತ್ತಲ್ಲ."

"ಬೆರಳೊಂದೇ ಏನು, ಮೊಣಕೈವರೆಗೂ ಇದೆ. ಅಷ್ಟೊಂದು ಸಲ ಹಾಕಿದ್ದೀನಾ ನಾನು?"

ಸಾಲು ನಕ್ಕಿತು. ಅಧಿಕಾರಿ ನಗಲಿಲ್ಲ. "ಗುರುತು ಹಾಕೋಕೆ ಖಾಲಿ ಬೆರಳು ಬೇಕಮ್ಮಾ. ಎಲ್ಲಿ ಹಾಕ್ಲಿ, ತೋರ್ಸಿ," ಎಂದ. ಅಕ್ಕ ಎರಡೂ ಕೈ ತಿರುಗಿಸಿ ನೋಡಿಕೊಂಡಳು. ತೋರಿಸಲು ಜಾಗವಿರಲಿಲ್ಲ. ಅವಳ ಹಾಗೆ ಬಣ್ಣದವರೆಲ್ಲ ಒಬ್ಬೊಬ್ಬರಾಗಿ ಹೊರಬಂದು ಕಾಂಪೌಂಡಿನ ಗೋಡೆಗೆ ಒರಗಿ ನಿಂತರು. ನನ್ನ ಬೆರಳನ್ನು ಆತ ಬಹಳ ಮರ್ಯಾದೆಯಿಂದ ಹಿಡಿದುಕೊಂಡ. ನಾನು ಒಳಗೆ ಹೋಗಿ ನಿಮ್ಮ ವಿರುದ್ಧ ಮತ ಹಾಕಿ ಬಂದೆ.

ನಿಮ್ಮ ಕೈಗೆ ಬಂದ ಲೆಕ್ಕ ಇದು. ನಿಮಗಾಗಿ ದುಡಿದವರು ಹೊರಗೆ, ನಿಮ್ಮನ್ನು ಬೇಡವೆಂದವರು ಒಳಗೆ. ಇದನ್ನೇ ನೀವು ದ್ರೋಹವೆಂದು ಕರೆದಿರಿ.

ನೀರು ನಿಂತಾಗ ಅಕ್ಕನ ಜೊತೆ ನಿಮ್ಮ ಕಚೇರಿಗೆ ಬಂದಿದ್ದೆ. ನೆನಪಿರಲಿಕ್ಕಿಲ್ಲ, ಫೋನಿನಿಂದ ತಲೆ ಎತ್ತಿದ್ದು ಒಂದೇ ಸಲ. "ಬೀದಿಗೆ ಬೀದಿಯೇ ಕೈಕೊಟ್ಟಿದೆ. ಯಾರಿಗೆ ಹಾಕಿದ್ರೋ ಅವರ ಹತ್ರ ನೀರು ಕೇಳಿ," ಎಂದಿರಿ. ಅಕ್ಕ ನಡೆದದ್ದನ್ನು ಹೇಳುತ್ತ ನಿಮ್ಮ ಮೇಜಿನ ಮೇಲೆ ಎರಡೂ ಕೈ ಚಾಚಿದಳು. ನೀವು ಕಾಗದಗಳನ್ನು ಪಕ್ಕಕ್ಕೆ ಸರಿಸಿಕೊಂಡಿರಿ.

"ಕೈ ತೊಳ್ಕೊಂಡು ಬರೋದಲ್ವೇನಮ್ಮಾ?"

"ಯಾವ ನೀರಲ್ಲಿ ಅಣ್ಣಾ?"

ನೀವು ಮುಂದಿನವರನ್ನು ಕರೆಸಿದಿರಿ. ಮನೆಯ ತಿರುವಿನಲ್ಲಿ ಅಕ್ಕ, "ನೀನು ಹೇಳ್ತಿದ್ದೆ," ಎಂದಳು. ಇಷ್ಟು ವರ್ಷದ ವಾದದಲ್ಲಿ ನಾನು ಗೆದ್ದದ್ದು ಅದೊಂದೇ ಸಲ. ಆ ಗೆಲುವನ್ನು ನಾನು ಯಾರಿಗೂ ಹಾರೈಸಲಾರೆ.

ಈಗ ಸಂಜೆ ಸ್ವಲ್ಪ ಹೊತ್ತು ನೀರು ಬರುತ್ತದೆ. ಕುಡಿಯಲು ಸಾಕು, ಕಸುಬಿಗೆ ಸಾಲದು. ತೊಟ್ಟಿಯಿಂದ ತೆಗೆದ ಬಟ್ಟೆಯನ್ನು ಆಗಲೇ ನೀರಲ್ಲಿ ಜಾಲಿಸಿ ಬಿಸಿಲಿಗೆ ಹರಡದಿದ್ದರೆ ಮಚ್ಚೆ ಕಟ್ಟುತ್ತದೆ. ಸಂಜೆಗೆ ಬಿಸಿಲು ತರುವುದು ಎಲ್ಲಿಂದ? ಅಕ್ಕ ಸಣ್ಣ ತೊಟ್ಟಿಗಳನ್ನು ಮಗುಚಿಟ್ಟಿದ್ದಾಳೆ. ಭಾವ ಕಟ್ಟಿದ ದೊಡ್ಡದೊಂದು ಉಳಿದಿದೆ. ಹೀಗೇ ಇನ್ನೊಂದು ತಿಂಗಳು ಕಳೆದರೆ ಅದನ್ನೂ ಮುಚ್ಚಿ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯಲು ಹೋಗಬೇಕು. ಐವತ್ತೆಂಟರ ಹೆಂಗಸು, ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವವಳು.

ಬೆಳಗಿನ ನೀರನ್ನು ಮೊದಲಿನಂತೆ ಬಿಡಿ. ಉಪಕಾರವೆಂದು ಬಿಡಬೇಡಿ, ಅದು ನಿಮ್ಮ ಮನೆಯ ಬಾವಿಯದಲ್ಲ. ಬಿಡದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ವರ್ಷದ ಕೊನೆಗೆ ನೀವು ಶಾಸಕ ಸ್ಥಾನಕ್ಕೆ ನಿಲ್ಲುತ್ತೀರೆಂದು ಊರಿನ ಗೋಡೆಗಳೆಲ್ಲ ಸಾರುತ್ತಿವೆ. ಕೆಲಸವಿಲ್ಲದೆ ಬೀದಿಯವರ ಕೈಗಳು ದಿನದಿನಕ್ಕೆ ಬಣ್ಣ ಬಿಡುತ್ತಿವೆ. ಮೊನ್ನೆ ಅಕ್ಕ ಕಿಟಕಿಯ ಬೆಳಕಿಗೆ ಬೆರಳು ಹಿಡಿದು, ಬೇರೆ ಯಾರದೋ ಕೈ ಎಂಬಂತೆ ನೋಡಿಕೊಳ್ಳುತ್ತಿದ್ದಳು. ಉಗುರುಗಳು ಪೂರ್ತಿ ಬೆಳ್ಳಗಾಗಿದ್ದವು.

"ಈ ಸಲ ನನ್ನನ್ನ ಯಾರೂ ಹೊರಗೆ ಕಳಿಸಲ್ಲ ಬಿಡು," ಎಂದಳು.

ಯಾರಿಗೆ ಹಾಕುತ್ತೀಯ ಎಂದು ನಾನು ಕೇಳಲಿಲ್ಲ.

ಇಂತಿ,
ಅಂದು ಯಾರ ತಡೆಯೂ ಇಲ್ಲದೆ ಒಳಗೆ ಹೋದ,
ಅಕ್ಕನ ಮುಂದೆ ತಲೆ ಎತ್ತಲಾಗದ ತಮ್ಮ