ಜೋಡಿ ಗುಂಡು

6-1-1963, ಭಾನುವಾರ

ಕಾಫಿ ಕಣದಲ್ಲಿ ಹರವಿ, ಅತ್ತೆಯನ್ನು ಕಾವಲಿಗೆ ಕೂರಿಸಿ, ಮಧ್ಯಾಹ್ನ ಶಾಲೆ ಮೈದಾನಕ್ಕೆ. ಚೀನಾ ಯುದ್ಧ ನಿಂತು ಒಂದೂವರೆ ತಿಂಗಳಾದ ಮೇಲೆ ಮಹಿಳಾ ಸಮಾಜಕ್ಕೆ ಎಚ್ಚರವಾಗಿದೆ — ಹೆಂಗಸರಿಗೆ ಆತ್ಮರಕ್ಷಣೆ ಕ್ಲಾಸ್. ಹದಿನಾಲ್ಕು ಜನ. ಕಲಿಸುವವರು ರಿಟೈರ್ಡ್ ಹವಾಲ್ದಾರ್ ದೇರಪ್ಪ. ಬಾಯಿಪಾಠ ಇಲ್ಲ, ಎಲ್ಲ ನಾಟಕದ ಹಾಗೆ.

"ನೀ ತೋಟದಿಂದ ಒಬ್ಬಳೇ ಬರ್ತಿದ್ದೀ. ನಾ ಹಿಂದಿನಿಂದ ಬಂದು ಕೈ ಹಿಡಿಯುವವ. ಎಂಥ ಮಾಡ್ತೀ?"

ಸರೋಜ ಟೀಚರ್ ಮೊದಲು ಅವರ ಕಾಲು ಮುಟ್ಟಿ ನಮಸ್ಕರಿಸಿ, ಆಮೇಲೆ ಅದೇ ಕಾಲಿಗೆ ಒದ್ದಳು. ಹಿರಿಯರಲ್ಲವೇ. ಎಲ್ಲರೂ ನಕ್ಕೆವು. ನಾನೂ... ನವೆಂಬರ್ ಆದಮೇಲೆ ಮೊದಲ ಸಲ.

ನನ್ನ ಸರದಿ. ಕಿರುಚಬೇಕು, ಅದೇ ಮೊದಲ ಪಾಠ. ಬಾಯಿ ತೆರೆದೆ. ದನಿ ಬರಲಿಲ್ಲ.

13-1-1963

ಇವತ್ತೂ ಕಿರುಚಲು ಆಗಲಿಲ್ಲ. ಮೊಣಕೈಯಲ್ಲಿ ತಿವಿಯುವುದು ಮಾತ್ರ ಬಂತು. ದೇರಪ್ಪನವರು ಹೊಟ್ಟೆ ಹಿಡಿದುಕೊಂಡು "ಸಾಕು ಮಾರಾಯ್ತಿ" ಎಂದರು.

ಮನೆಗೆ ಬಂದರೆ ಅತ್ತೆಯ ತಮ್ಮ ಕುಟ್ಟಪ್ಪ. ನನ್ನ ಯಜಮಾನರು ಗಡಿಯಲ್ಲಿ ‘ಪತ್ತೆಯಿಲ್ಲ’ ಎಂದು ತಂತಿ ಬಂದಾಗಿನಿಂದ ವಾರಕ್ಕೊಮ್ಮೆ ಬರುತ್ತಾರೆ, ಅದೇ ಮಾತು.

"ಕಾಯುದಕ್ಕೂ ಒಂದು ಮಿತಿ ಉಟ್ಟು ಅಕ್ಕ. ಜೋಡಿ ಗುಂಡು ಹಾರಿಸಿ ಕರ್ಮ ಮುಗಿಸುವ."

ನಮ್ಮಲ್ಲಿ ಸಾವು ಊರಿಗೆ ತಿಳಿಯುವುದು ಹಾಗೆ — ಒಂದರ ಹಿಂದೊಂದು ಎರಡು ಗುಂಡು. ಅತ್ತೆ ಗೋಡೆಯ ಮೇಲಿನ ಕೋವಿ ತೋರಿಸಿ, "ಅದನ್ನು ಯಾರೂ ಮುಟ್ಟುದು ಬೇಡ. ಅವನೇ ಬಂದು ತೆಗಿಲಿ" ಎಂದರು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ನನಗೆ ಅವರು ಬೇಕು. ಗುಂಡಲ್ಲ.

20-1-1963, ಸಂಜೆ

ಇವತ್ತಿನದು ಇವತ್ತೇ ಬರೆಯುತ್ತೇನೆ.

ಇಂದಿನ ನಾಟಕ: ಶತ್ರು ಊರೊಳಗೆ ಬಂದಿದ್ದಾನೆ. ಗುಂಡಿನ ಸದ್ದು ಕೇಳಿದೊಡನೆ ನೆಲಕ್ಕೆ ಬೀಳಬೇಕು. ದೇರಪ್ಪನವರು ಆಕಾಶಕ್ಕೆ ಹೊಡೆದರು. ಒಂದು. ಇನ್ನೊಂದು.

ಒಬ್ಬಳೂ ಬೀಳಲಿಲ್ಲ. ಎಲ್ಲರೂ ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಂತೆವು. "ಯಾರ ಮನೆಲಿ?" ಎಂದಳು ಸರೋಜ. ದೇರಪ್ಪನವರ ಮುಖ ಬಿಳಿಚಿತು. ಇಪ್ಪತ್ತೆರಡು ವರ್ಷ ಪಲ್ಟನ್‌ನಲ್ಲಿದ್ದು ಊರಿನ ಲೆಕ್ಕ ಮರೆತಿದ್ದರು. ಮೈದಾನದ ಕೆಳಗೇ ನಮ್ಮ ಮನೆ. ಓಡಿದೆ.

ಅಂಗಳದಲ್ಲಿ ಆಗಲೇ ನೆರೆಯವರು. ಸಾವಿನ ಮನೆಯಲ್ಲಿ ಮಾಡುವ ಹಾಗೆ ಒಲೆಗೆ ನೀರು ಹೊಯ್ದಾಗಿತ್ತು. ಅತ್ತೆ ನಡುಮನೆಯಲ್ಲಿ ಕೋವಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಅದು ಕ್ಲಾಸಿನ ಗುಂಡು ಅತ್ತೆ. ಸುದ್ದಿ ಎಂಥದೂ ಬರ್ಲಿಲ್ಲೆ."

"ಗೊತ್ತಾತ್. ಮೈದಾನದ ಕಡೆಯಿಂದ ಬಂತಲ್ಲ." ಕೋವಿ ಸವರುತ್ತಲೇ ಇದ್ದರು. "ಆದರೂ ಕೇಳಿದ ಕೂಡಲೇ ನನ್ನ ಕೈ ಒಲೆ ಆರಿಸಿತು, ಯಮುನಾ. ಒಳಗೊಳಗೆ ಗೊತ್ತಿತ್ತು ನಂಗೆ. ಹೊಡ್ದದ್ದು ಹೊಡ್ದಾತ್. ಆ ಜೋಡಿ ಗುಂಡು ಅವಂಗೇ ಇರಲಿ."

ಆಗ ಕಿರುಚಿದೆ. ಮೈದಾನದವರೆಗೂ ಕೇಳಿತಂತೆ.

3-2-1963, ಭಾನುವಾರ

ಕರ್ಮ ಮುಗಿಯಿತು. ಕೋವಿ ಕುಟ್ಟಪ್ಪನವರ ಮನೆಗೆ ಹೋಯಿತು.

ದೇರಪ್ಪನವರು ಬಂದಿದ್ದರು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತರು. "ತಪ್ಪಾತ್ ಪೂವಮ್ಮಕ್ಕ. ಕ್ಲಾಸ್ ನಿಲ್ಲಿಸಿದೆ."

"ನಿಲ್ಲಿಸುದು ಬೇಡ," ಎಂದರು ಅತ್ತೆ. "ಇವಳು ಬರ್ಲಿ. ಇನ್ನು ಒಬ್ಬಳೇ ಓಡಾಡುವವಳು."

ಒಬ್ಬಳೇ. ಮೊದಲ ದಿನ ದೇರಪ್ಪನವರು ಹೇಳಿದ್ದೂ ಅದೇ — ನೀ ತೋಟದಿಂದ ಒಬ್ಬಳೇ ಬರ್ತಿದ್ದೀ. ಅದು ನಾಟಕದ ಮಾತು ಎಂದುಕೊಂಡು ನಾನೂ ನಕ್ಕಿದ್ದೆ.